ನಮ್ಮಪ್ಪ ಬೋರಿಂಗ್

ಶಾಲೆಯ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಫೋನ್ ಬಂತು. ಮೊದಲು ನೆನಪಾದದ್ದು ಒಂದು ರಜಾ ಅರ್ಜಿ. ನಾನೇ ಬರೆದದ್ದು, 1998ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ.

ಕೊಪ್ಪಳ ಜಿಲ್ಲೆಯಾಗಿ ಒಂದು ವರ್ಷ ಆಗಿತ್ತು ಅಷ್ಟೆ. ಅರ್ಜಿಯ ಮೇಲೆ ವಿಳಾಸ ಬರೆಯುವಾಗ ‘ಜಿಲ್ಲೆ: ರಾಯಚೂರು’ ಅಂತ ಕೈ ತಾನೇ ಓಡುತ್ತಿತ್ತು. ಅವತ್ತೂ ಹಾಗೇ ಆಗಿ, ಕಾಟು ಹೊಡೆದು ‘ಕೊಪ್ಪಳ’ ಅಂತ ತಿದ್ದಿದ್ದೆ. ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಗಂಗಾವತಿ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ನಮಗೆ ಸಜ್ಜೆ. ಮಳೆ ಚೆನ್ನಾಗಿ ಬಂದರೆ ಶೇಂಗಾ. ಅದೂ ಬೇಡ ಅನ್ನಿಸಿದರೆ ಸಾಲ ಮಾಡಿ ಬೋರ್.

ಆ ವರ್ಷ ಅಪ್ಪ ಸಾಲ ಮಾಡಿದ. ನೀರು ನೋಡುವವನು ಬಂದು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿದ. ಬೇವಿನ ಗಿಡದ ಹತ್ತಿರ ಕಾಯಿ ಎದ್ದು ನಿಂತಿತು. ಅಲ್ಲಿಗೇ ಗೂಟ ಹೊಡೆದರು. ಕೊರೆಯುವ ಲಾರಿ ತಮಿಳುನಾಡಿನ ತಿರುಚೆಂಗೋಡಿನದು. ಆ ಊರು ಎಲ್ಲಿದೆ ಅಂತ ನಾನು ನಕಾಶೆಯಲ್ಲಿ ನೋಡಿದ್ದು ಎಷ್ಟೋ ವರ್ಷದ ಮೇಲೆ, ಆದರೆ ಲಾರಿಯ ಹಿಂದಿನ ಆ ಹೆಸರು ಮಾತ್ರ ಚಿಕ್ಕಂದಿನಿಂದ ಬಾಯಿಪಾಠ.

ಲಾರಿ ರಾತ್ರಿ ಬಂತು. ಮರುದಿನ ಹುಡುಗರಿಗೆ ಚಹಾ, ರೊಟ್ಟಿ ಒಯ್ಯುವುದು ನನ್ನ ಕೆಲಸ. ಹಾಗಾಗಿ ಬೆಳಿಗ್ಗೆಯೇ ಅರ್ಜಿ ಬರೆದು ಗೆಳೆಯನ ಕೈಯಲ್ಲಿ ಕೊಟ್ಟೆ:

“ಆ್ಯಸ್ ಮೈ ಫಾದರ್ ಈಸ್ ಬೋರಿಂಗ್, ಐ ಕೆನಾಟ್ ಅಟೆಂಡ್ ದಿ ಸ್ಕೂಲ್ ಫಾರ್ ಟೂ ಡೇಸ್.”

ನನಗೋ ಭಾರಿ ಹೆಮ್ಮೆ. ನಾವು ಎ, ಬಿ, ಸಿ, ಡಿ ಕಲಿತದ್ದೇ ಐದನೇ ತರಗತಿಯಲ್ಲಿ. ಆದರೂ ಯಾರನ್ನೂ ಕೇಳದೆ ಒಂದು ವಾಕ್ಯ ಕಟ್ಟಿದ್ದೆ. ಬೋರ್ ಅನ್ನೋದು ಹೇಗೂ ಇಂಗ್ಲಿಷ್ ಶಬ್ದ. ಕೆಲಸ ಈಗ ನಡೆಯುತ್ತಿದೆ, ಅಂದ ಮೇಲೆ ‘ಇಂಗ್’ ಹಚ್ಚಬೇಕು. ತಪ್ಪು ಎಲ್ಲಿದೆ ಹೇಳಿ?

ಹೊಲದಲ್ಲಿ ಅಪ್ಪ ರಾಡ್ ಇಳಿದ ಹಾಗೆಲ್ಲ ಒಂದೊಂದು ಹರಳು ತೆಗೆದು ಬದುವಿನ ಮೇಲೆ ಇಡುತ್ತಿದ್ದ. ಒಂದು ರಾಡಿಗೆ ಇಪ್ಪತ್ತು ಅಡಿ. ಮೇಲಿನ ಮಣ್ಣು ಮುಗಿಯುವವರೆಗೆ ಕೇಸಿಂಗ್ ಪೈಪು, ಆಮೇಲೆ ಬರೀ ಕಲ್ಲು. ಇಳಕಲ್ ಕಡೆ ಗ್ರಾನೈಟ್ ತೆಗೆಯುತ್ತಾರಲ್ಲ, ನಮ್ಮ ಹೊಲದ ಅಡಿಯಲ್ಲೂ ಅದೇ ಜಾತಿ. ಕಂಪ್ರೆಸರ್ ಗಾಳಿಗೆ ಪುಡಿ ಭುಸ್ ಅಂತ ಮೇಲೆ ಬರುತ್ತಿತ್ತು. ಅಪ್ಪ ಅದನ್ನು ಹಿಡಿದು ಮುಷ್ಟಿ ಕಟ್ಟಿ ನೋಡುತ್ತಿದ್ದ. ತೇವ ಇದ್ದರೆ ಉಂಡೆ ಆಗಬೇಕು. ಆಗಲಿಲ್ಲ. ತಂದ ದುಡ್ಡು ಹದಿನೈದು ರಾಡಿಗೆ ಮುಗಿಯಿತು. “ಇನ್ನೊಂದ ಇಳಸ್ರಿ” ಅಂದ. 320 ಅಡಿ. ಬೇವಿನ ಗಿಡ, ಲಾರಿ, ಅಪ್ಪನ ಮೀಸೆ ಎಲ್ಲ ಬೆಳ್ಳಗಾಗಿದ್ದವು. ನೀರು ಮಾತ್ರ ಇಲ್ಲ. ರಾತ್ರಿ ಅಜ್ಜಿ ಕಟ್ಟೆ ಮೇಲೆ ಕೂತು ಒಂದೇ ಮಾತು ಅಂದಳು: “ನಮ್ಮ ಕರ್ಮ.”

ಮೂರನೇ ದಿನ ಶಾಲೆಗೆ ಹೋದೆ. ಇಂಗ್ಲಿಷ್ ಸರ್ ನನ್ನ ಅರ್ಜಿಯನ್ನು ಹಾಜರಿ ಪುಸ್ತಕದಿಂದ ತೆಗೆದು ಜೋರಾಗಿ ಓದಿದರು.

“ನಿಮ್ಮಪ್ಪ ಯಾರನ್ನ ಕೊರಿಯಾಕತ್ಯಾರಪಾ?”

ಯಾರಿಗೂ ಅರ್ಥ ಆಗಲಿಲ್ಲ. ಸರ್ ನನ್ನ ವಾಕ್ಯವನ್ನು ಬೋರ್ಡ್ ಮೇಲೆ ಬರೆದರು. “ವ್ಯಾಕರಣ ತಪ್ಪಿಲ್ಲ. ಕರ್ತೃ ಐತಿ, ಕ್ರಿಯಾಪದ ಐತಿ. ಕರ್ಮ ಎಲ್ಲೈತಿ?”

ನನಗೆ ಅಜ್ಜಿ ಕೂತಿದ್ದ ಕಟ್ಟೆ ನೆನಪಾಯಿತು. ಸುಮ್ನೆ ನಿಂತೆ.

ಸರ್ ‘ಬೋರಿಂಗ್’ ಮುಂದೆ ‘ಎ ವೆಲ್’ ಅಂತ ಸೇರಿಸಿದರು. ಈಗ ಅಪ್ಪ ಬಾವಿ ಕೊರೆಸುತ್ತಿದ್ದಾನೆ. ಅದನ್ನು ಒರೆಸಿದರೆ, ಅಪ್ಪ ಬೇಜಾರು ಹಿಡಿಸುವ ಮನುಷ್ಯ. ಅವನ ಕಾಟಕ್ಕೆ ಮಗ ಎರಡು ದಿನ ಶಾಲೆಗೆ ಬರಲಾರ! ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, “ಖರೇನ ಐತ್ರಿ ಸರ್, ಅವರಪ್ಪ ಮಾತಿಗೆ ಕುಂತ್ರ ಏಳೂದಿಲ್ಲ” ಅಂದ. ಅದು ಸುಳ್ಳಲ್ಲ ಬಿಡಿ.

ಅವತ್ತಿನ ಪಾಠ ಅಲ್ಲಿಗೇ ನಿಂತಿತು. ಪೂರ್ತಿ ಪೀರಿಯಡ್ ಒಂದೇ ಶಬ್ದ. ಕೊರೆಯೋದು ಅನ್ನೋ ಬೋರ್ ಇಂಗ್ಲಿಷ್‌ನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಬೇಜಾರಿನ ಬೋರ್ ಬಂದಿದ್ದು 18ನೇ ಶತಮಾನದಲ್ಲಿ. ಎರಡಕ್ಕೂ ನಂಟಿದೆಯೋ ಇಲ್ಲವೋ ಅಂತ ನಿಘಂಟು ಮಾಡುವವರು ಇನ್ನೂ ತೀರ್ಮಾನಿಸಿಲ್ಲ. ಕನ್ನಡದವರಿಗೆ ಆ ತಲೆನೋವೇ ಇಲ್ಲ. ಕಲ್ಲನ್ನೂ ಕೊರೆಯುತ್ತೇವೆ, ತಲೆಯನ್ನೂ ಕೊರೆಯುತ್ತೇವೆ. ಚಳಿಯೂ ಕೊರೆಯುತ್ತದೆ.

ಬೋರಿಂಗ್, ಬೋರ್ಡ್ ಎರಡರ ವ್ಯತ್ಯಾಸವನ್ನೂ ಅವರು ಅದೇ ಕೊಳವೆಯಿಂದ ತೆಗೆದರು. ಕೊರೆಯುವವನು ಬೋರಿಂಗ್, ಕೊರೆಸಿಕೊಂಡವನು ಬೋರ್ಡ್. “ಲಾರಿ ಬೋರಿಂಗ್, ಹೊಲ ಬೋರ್ಡ್. ನಾನು ಬೋರಿಂಗ್ ಆದ್ರ ನೀವು ಬೋರ್ಡ್.” ‘ಐ ಆ್ಯಮ್ ಬೋರಿಂಗ್’ ಅಂದರೆ ನನ್ನ ಮೇಲೆ ನಾನೇ ದೂರು ಹೇಳಿಕೊಂಡ ಹಾಗೆ. ಇದನ್ನು ಆಮೇಲೆ ನಾನು ಒಮ್ಮೆಯೂ ತಪ್ಪಿಲ್ಲ. ಗೋಡೆಯ ಬೋರ್ಡ್‌ಗೆ ಸ್ಪೆಲ್ಲಿಂಗ್ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ, ಏನು ಮಾಡೋದು?

ಗೌಡರ ಮನೆಯ ಹನ್ನೆರಡು ಬೋರಿನ ಬಂದೂಕೂ ಚರ್ಚೆಗೆ ಬಂತು. ಆ ನಳಿಕೆಗೆ ಸರಿಹೊಂದುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ಆಗುತ್ತವಂತೆ, ಅದಕ್ಕೆ ಆ ಹೆಸರು. ‘ಎಂಜಿನ್ ಬೋರಿಗೆ ಬಂದೈತಿ’, ಅಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸಬೇಕು ಅಂತ ಮೆಕ್ಯಾನಿಕ್ ಹೇಳೋದನ್ನು ಇನ್ನೊಬ್ಬ ನೆನಪಿಸಿದ.

ಗಂಟೆ ಹೊಡೆಯುವ ಹೊತ್ತಿಗೆ ಸರ್ ಕೇಳಿದರು, “ಅಂದಂಗ ಎಷ್ಟ ಫೂಟಿಗೆ ನೀರ್ ಬಿತ್ತಪಾ?”

ಬಿದ್ದಿಲ್ಲ ಅಂದೆ. ಯಾರೂ ನಗಲಿಲ್ಲ. ಸರ್ ಒಂದು ಗಳಿಗೆ ಚಾಕ್‌ಪೀಸ್ ಹಿಡಿದುಕೊಂಡೇ ನಿಂತರು. ಆಮೇಲೆ, ನಾವು ಮಗ್ಗಿಯ ಹಾಗೆ ಒದರುತ್ತಿದ್ದ ‘ಬೇರ್, ಬೋರ್, ಬೋರ್ನ್’ ಬರೆದು, ಪಕ್ಕದಲ್ಲಿ ಒಂದು ವಾಕ್ಯ ಬರೆದರು: “ಹಿ ಬೋರ್ ದ ಲಾಸ್.” ನಷ್ಟ ತಡೆದುಕೊಂಡ. ಯಾರು ಅಂತ ಹೇಳಲಿಲ್ಲ. ಈ ಬೋರ್ ಬೇರೆ, ನಾಳೆ ಹೇಳ್ತೀನಿ ಅಂತ ಹೊರಟುಹೋದರು.

ಸಂಜೆ ಮನೆಯಲ್ಲಿ ಅರ್ಜಿಯ ಕಥೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಮೂರು ದಿನದಿಂದ ಮಾತೇ ಆಡದ ಅಪ್ಪ ನಕ್ಕ. ಮರುದಿನ ಅದನ್ನು ಚಹಾದಂಗಡಿಯಲ್ಲಿ ಹೇಳಿದ. ಆಮೇಲೆ ಸಂತೆಯಲ್ಲಿ. ಆಮೇಲೆ ಸಾಲ ಕೊಟ್ಟವನಿಗೇ. ಈಗಲೂ ಬಿಟ್ಟಿಲ್ಲ. ಮೊನ್ನೆ ಬೀಗರು ಬಂದಾಗ ತೆಂಗಿನಕಾಯಿ ಎದ್ದು ನಿಂತಲ್ಲಿಂದ ಶುರು ಮಾಡಿದ. ಎಂಟನೇ ರಾಡ್ ಇಳಿಯುವಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು:

“ಸಾಕ್ರಿ, ಭಾಳ ಕೊರೀಬ್ಯಾಡ್ರಿ. ಊಟಕ್ಕ ಕರಕೊಂಡ ಬರ್ರಿ ಅವರನ್ನ.”