ಶ್ರೀಶೈಲದ ಗೇಟು ತೆಗೆದರೆ

ಕೃಷ್ಣಾ ನದಿಯ ಶ್ರೀಶೈಲ ಅಣೆಕಟ್ಟಿನ ಗೇಟು ತೆಗೆದ ಸುದ್ದಿ ಬಂದರೆ ಸಾಕು, ಆಂಧ್ರದ ಆದೋನಿ, ಆಲೂರು ಕಡೆಯ ನಮ್ಮ ಕನ್ನಡ ಮಂದಿಯ ಮೊಬೈಲ್ ತುಂಬ ಅದರ ವಿಡಿಯೊ. ಚೆಂದವೇ, ನೋಡಲಿ.

ಕಟ್ಟೆ ಬಲ್ಲವರ ಕಣ್ಣು ಮಾತ್ರ ನೀರು ಬೀಳುವ ಜಾಗದ ಮೇಲೆ. 145 ಮೀಟರ್ ಎತ್ತರದ ಅಣೆಕಟ್ಟು, 12 ಗೇಟು. ಜಾರಿ ಬಂದ ನೀರನ್ನು ಕೊನೆಯಲ್ಲಿ ಮೇಲಕ್ಕೆ ಬಾಗಿದ ಕಾಂಕ್ರೀಟ್ ಬಕೆಟ್ ದೂರಕ್ಕೆ ಎಸೆಯುತ್ತದೆ, ಬುಡ ಕೊರೆಯದಿರಲಿ ಅಂತ. ಆದರೂ ಬಿದ್ದಲ್ಲಿ ಬಂಡೆ ಉಳಿಯೋಲ್ಲ. ಬಂಡೆ ಸವೆಯೋದಕ್ಕಿಂತ ಕಿತ್ತು ಬರೋದೇ ಹೆಚ್ಚು: ಬಿರುಕಿನೊಳಗೆ ಒತ್ತಡ ಏರಿಳಿದು ತುಂಡು ತುಂಡಾಗಿ ಮೇಲೇಳುತ್ತದೆ. ಹೀಗೆ ಆದ ಗುಂಡಿ ಆಳವಾದರೆ ಅಷ್ಟು ಭಯವಿಲ್ಲ, ಕಟ್ಟೆಯ ಕಡೆಗೆ ಹಿಂದಕ್ಕೆ ಸರಿದರೆ ಕಷ್ಟ. ಗೇಟು ಕಡಿಮೆ ತೆಗೆದಾಗ ನೀರಿಗೆ ಎಸೆತದ ಬಲ ಸಾಲದೆ ಬಕೆಟ್ಟಿನ ಪಕ್ಕದಲ್ಲೇ ಬೀಳುತ್ತದೆ. ಸಣ್ಣ ಹರಿವೂ ಹಾನಿ ಮಾಡೋದು ಹೀಗೆ. ಒಂದೇ ಬದಿಯ ಗೇಟು ತೆಗೆದರೆ ಸುಳಿ ಎದ್ದು ದಂಡೆ ಕೊರೆಯುತ್ತದೆ.

ಆದ್ದರಿಂದ ಮಳೆಗಾಲ ಮುಗಿದ ಮೇಲೆ ಗುಂಡಿಯ ಆಳ ಅಳೆದು, ಹಿಂದಿನ ವರ್ಷದ ನಕ್ಷೆಯ ಪಕ್ಕ ಇಟ್ಟು ನೋಡಬೇಕು. ದುರಸ್ತಿಗೆ ಸಿಗೋದು ಬೇಸಿಗೆಯ ಕೆಲವೇ ತಿಂಗಳು, ಅದೂ ಬಹುಪಾಲು ನೀರಿನಡಿಯ ಕಾಂಕ್ರೀಟು.

2009ರ ಅಕ್ಟೋಬರ್‌ನಲ್ಲಿ ಕರ್ನೂಲು, ಮಂತ್ರಾಲಯ ಮುಳುಗಿದಾಗ ಶ್ರೀಶೈಲಕ್ಕೆ ಬಂದದ್ದು 25 ಲಕ್ಷ ಕ್ಯೂಸೆಕ್ ಸುಮಾರು. ಸಮುದ್ರಮಟ್ಟದಿಂದ 885 ಅಡಿಯ ಪೂರ್ಣಮಟ್ಟ ಮೀರಿ ನೀರು ನಿಂತಿತ್ತು. ಕಟ್ಟೆ ತಡೆಯಿತು. ಅದರ ವಿಡಿಯೊ ಯಾರೂ ಹಾಕೋಲ್ಲ.