ತೋಟದ ಮೋಟರು ಮತ್ತು ಫೌಂಡೇಶನ್ ವರ್ಷ

ಅಕ್ಕನ ಮಗಳು ಕಳೆದ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಸೇರಿರುವುದು ಪದವಿಯ ಮೊದಲ ವರ್ಷಕ್ಕಲ್ಲ, ಅದಕ್ಕೂ ಮುಂಚಿನ ಫೌಂಡೇಶನ್ ವರ್ಷಕ್ಕೆ. ಈ ಸುದ್ದಿ ಹೊಸನಗರದ ಕಡೆಯ ನಮ್ಮ ಊರಿಗೆ ತಲುಪಿದಂದಿನಿಂದ ನೆಂಟರಿಷ್ಟರು ಒಬ್ಬರಾದ ಮೇಲೊಬ್ಬರು ಅಕ್ಕನಿಗೆ ಫೋನು ಮಾಡಿ, ಒಂದು ವರ್ಷ ದಂಡವಾಯಿತಲ್ಲ ಎಂದು ಮರುಗಿದ್ದಾರೆ. ಆ ಮರುಕ ಹುಡುಗಿಗೂ ತಗುಲಿತು. ದೀಪಾವಳಿಯ ಮರುದಿನ ಅವಳೇ ಫೋನು ಮಾಡಿ, "ಚಿಕ್ಕಿ, ನನ್ನ ಓರಗೆಯವರೆಲ್ಲ ಆಗಲೇ ಸರ್ಕ್ಯೂಟ್ ಓದುತ್ತಿದ್ದಾರೆ, ನಾನಿನ್ನೂ ತ್ರಿಕೋನಮಿತಿಯ ಸೂತ್ರಗಳನ್ನು ಬಾಯಿಪಾಠ ಮಾಡುತ್ತಾ ಕೂತಿದ್ದೇನೆ" ಎಂದಳು. ಅವತ್ತು ನಾನು ಎರಡು ಮಾತಿನ ಸಮಾಧಾನ ಹೇಳಿ ಸುಮ್ಮನಾದೆ. ಆದರೆ ತ್ರಿಕೋನಮಿತಿಯ ಸೂತ್ರವೊಂದಕ್ಕೆ ನಮ್ಮ ಮನೆಯವರೇ ತೆತ್ತ ಬೆಲೆ ನೆನಪಾಗಿ, ಅವಳಿಗೆ ಹೇಳಬೇಕಾದದ್ದು ಅಷ್ಟೇ ಅಲ್ಲ ಎನ್ನಿಸಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ವ್ಯವಸ್ಥೆಯ ಬಗ್ಗೆ. ಇಂಗ್ಲೆಂಡಿನಲ್ಲಿ ಹದಿನಾರನೆಯ ವಯಸ್ಸಿಗೆ ಮಕ್ಕಳು ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಂಡು ಎರಡು ವರ್ಷ 'ಎ ಲೆವೆಲ್' ಓದುತ್ತಾರೆ. ಎಂಜಿನಿಯರಿಂಗಿಗೆ ನೇರವಾಗಿ ಹೋಗಬೇಕಾದವರು ಆ ಮೂರರಲ್ಲಿ ಗಣಿತವನ್ನು, ಬಹಳ ಕಡೆ ಭೌತಶಾಸ್ತ್ರವನ್ನೂ ಓದಿರಬೇಕು. ಭಾವನ ಕೆಲಸದ ಕಾರಣಕ್ಕೆ ಶಿವಮೊಗ್ಗ ಬಿಟ್ಟು ಅಲ್ಲಿಗೆ ಹೋದ ಹೊಸತರಲ್ಲಿ, ಊರೂ ಶಾಲೆಯೂ ಹೊಸದಾಗಿದ್ದಾಗ, ಇವಳು ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಮನಃಶಾಸ್ತ್ರವನ್ನು ಆರಿಸಿಕೊಂಡಳು. ಎರಡು ವರ್ಷ ಕಳೆದ ಮೇಲೆ ತನ್ನ ಮನಸ್ಸಿರುವುದು ಬೇರೆ ಕಡೆ ಎಂದು ಅವಳಿಗೆ ಗೊತ್ತಾಯಿತು. ಇಂಥವರಿಗಾಗಿಯೇ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ ಮುಂಚೆ ಒಂದು ವರ್ಷ ಸೇರಿಸಿ, ಗಣಿತ, ಭೌತಶಾಸ್ತ್ರ, ಒಂದಿಷ್ಟು ಪ್ರಯೋಗಾಲಯದ ಕೆಲಸ ಮತ್ತು ಬರವಣಿಗೆಯ ಅಭ್ಯಾಸವನ್ನು ಮಾಡಿಸುತ್ತವೆ. ಆ ವರ್ಷದ ಅಂಕಗಳು ಸಾಮಾನ್ಯವಾಗಿ ಪದವಿಯ ದರ್ಜೆಗೆ ಸೇರುವುದಿಲ್ಲ, ಆದರೆ ನಿಗದಿಯಾದಷ್ಟು ಅಂಕ ಬಾರದೆ ಮುಂದಿನ ವರ್ಷಕ್ಕೆ ಬಿಡುವುದೂ ಇಲ್ಲ. ನಮ್ಮಲ್ಲಿ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ ಹುಡುಗಿ ಎಂಜಿನಿಯರಿಂಗ್ ಓದುತ್ತೇನೆಂದರೆ ಸಿಇಟಿಯ ಬಾಗಿಲೇ ತೆರೆಯದು. ಎಸ್ಸೆಸ್ಸೆಲ್ಸಿಯ ಆಧಾರದ ಮೇಲೆ ಡಿಪ್ಲೊಮಾಕ್ಕೆ ಸೇರಿ, ಅದನ್ನು ಮುಗಿಸಿ, ಅಲ್ಲಿಂದ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗುವ ಸುತ್ತುದಾರಿಯೇ ಹೆಚ್ಚಾಗಿ ಅವಳ ಪಾಲಿಗೆ ಉಳಿಯುತ್ತದೆ. ಅಲ್ಲಿ ಒಂದು ವರ್ಷದ ಕೆಲಸಕ್ಕೆ ದಾರಿ ಸಿಗುತ್ತದೆ ಎಂಬುದನ್ನು ಮರುಗುವ ನೆಂಟರು ಗಮನಿಸಿದರೆ ಒಳ್ಳೆಯದು.

ಇನ್ನು ನನ್ನ ಕಥೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ರೋಧ, ವಿಭವಾಂತರ, ವಿದ್ಯುತ್ಕಾಂತೀಯ ಪ್ರೇರಣೆ ಎಂದೇ ವಿದ್ಯುತ್ತನ್ನು ಕಲಿತವಳು. ನಮ್ಮ ಸೀಮೆಯಲ್ಲಿ ಎಲೆಕ್ಟ್ರಿಕಲ್ ಓದಬೇಕೆಂಬ ಆಸೆ ಹುಟ್ಟುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಅಜ್ಜನ ಮನೆ ಮುಳುಗಡೆಯಾಯಿತು. ಆ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳಿವೆ. ಅಜ್ಜ ಆ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದರು, ಕಳೆದುಕೊಂಡ ಗದ್ದೆಯ ಅಳತೆಯನ್ನು ಹೇಳುವ ಹಾಗೆಯೇ. ಆದರೂ ನಾನು ಎಲೆಕ್ಟ್ರಿಕಲ್ ಎಂದು ಗಟ್ಟಿಯಾಗಿ ನಿರ್ಧರಿಸಿದ್ದು ಶರಾವತಿಯಿಂದಲ್ಲ, ನಮ್ಮ ಅಡಿಕೆ ತೋಟದ ಐದು ಎಚ್‌ಪಿ ಮೋಟರಿನಿಂದ.

ಅದು 2006ರ ಏಪ್ರಿಲ್. ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದೆ. ಹಿಂದಿನ ರಾತ್ರಿ ಗುಡುಗು ಸಹಿತ ಅಡ್ಡಮಳೆ ಬಂದು, ಕರೆಂಟು ಹೋಗಿ, ಬೆಳಗಿನ ಜಾವ ಮರಳಿ ಬಂದಿತ್ತು. ತೋಟಕ್ಕೆ ನೀರು ಬಿಡಲು ಅಪ್ಪಯ್ಯ ಪಂಪ್‌ಹೌಸಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಒಳಗಿನ ಬಲ್ಬು ಉರಿಯುತ್ತಿತ್ತು. ಬಲ್ಬು ಉರಿಯುತ್ತಿದೆ ಎಂದ ಮೇಲೆ ಕರೆಂಟು ಇದೆ ಎಂದೇ ಅರ್ಥ ಮಾಡಿಕೊಂಡು ಅಪ್ಪಯ್ಯ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರು. ಸ್ಟಾರ್ಟರ್ ಟಕ್ಕೆಂದು ಹಿಡಿಯಿತು, ಮೋಟರು ಗುಂಯ್ ಎಂದಿತು, ಆದರೆ ತಿರುಗಲಿಲ್ಲ. ನಿಲ್ಲಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿತು. ಮತ್ತೆ ಗುಂಡಿ ಒತ್ತಿದರು. ಮತ್ತೆ ಅದೇ ಗುಂಯ್. ನಾಲ್ಕನೆಯ ಸಲಕ್ಕೆ ವಾರ್ನಿಷ್ ಸುಟ್ಟ ವಾಸನೆ ಬಂತು, ಹಿಂದೆಯೇ ಮೋಟರಿನ ಗಾಳಿಕಿಂಡಿಯಿಂದ ತೆಳ್ಳಗೆ ಹೊಗೆ ಎದ್ದಿತು. ಅಷ್ಟು ಹೊತ್ತಿಗೆ ಕರೆಂಟನ್ನು ಕಡಿದುಹಾಕಬೇಕಾಗಿದ್ದ ಓವರ್‌ಲೋಡ್ ರಿಲೇ ಕೆಟ್ಟು ವರ್ಷವಾಗಿತ್ತು, ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟಿದ್ದರು. ಲೈನ್‌ಮನ್ ಮಧ್ಯಾಹ್ನ ಬಂದು ನೋಡಿದಾಗ, ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬರುವ ಮೂರು ತಂತಿಗಳಲ್ಲಿ ಒಂದನ್ನು ಜೋಡಿಸುವ ತುಂಡು ತಂತಿ, ಅಂದರೆ ಜಂಪರ್, ಕಂಬದ ಮೇಲೆ ಸುಟ್ಟು ಕಳಚಿತ್ತು. "ಒಂದು ಫೇಸು ಇರಲಿಲ್ಲ, ಅದಕ್ಕೇ ಸುಟ್ಟಿದೆ" ಎಂದು ಅವರು ಹೇಳಿ ಹೋದರು.

ಮಲೆನಾಡಿನ ತೋಟದವರಿಗೆಲ್ಲ ಈ ಮಾತು ಗೊತ್ತು. ಫೇಸ್ ಹೋದರೆ ಮೋಟರು ಸುಡುತ್ತದೆ ಎಂಬುದು ಇಲ್ಲಿ ಮಳೆ ಬಂದರೆ ಅಡಿಕೆಗೆ ಕೊಳೆ ಬರುತ್ತದೆ ಎನ್ನುವಷ್ಟು ಸಹಜವಾದ ತಿಳಿವಳಿಕೆ. ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಮೂರರಲ್ಲಿ ಎರಡು ತಂತಿಗಳಲ್ಲಿ ಕರೆಂಟು ಇತ್ತಲ್ಲ, ಹಾಗಿದ್ದರೆ ಮೋಟರು ನಿಧಾನವಾಗಿಯಾದರೂ ತಿರುಗಬೇಕಿತ್ತು. ಅದು ನಿಂತಲ್ಲೇ ನಿಂತು ಗುಂಯ್‌ಗುಟ್ಟಿದ್ದೇಕೆ? ಓಡುತ್ತಿರುವಾಗ ಫೇಸ್ ಹೋದರೆ ಕೆಲವೊಮ್ಮೆ ಮೋಟರು ಓಡುತ್ತಲೇ ಇರುತ್ತದೆ, ನಿಂತ ಮೋಟರು ಮಾತ್ರ ಏಳುವುದಿಲ್ಲ, ಅದೇಕೆ? ಲೈನ್‌ಮನ್‌ಗೂ ಅಪ್ಪಯ್ಯನಿಗೂ ಈ ವ್ಯತ್ಯಾಸ ಅನುಭವದಿಂದ ಗೊತ್ತಿತ್ತು. ಕಾರಣ ಯಾರಲ್ಲೂ ಇರಲಿಲ್ಲ.

ಆ ಪ್ರಶ್ನೆಯನ್ನು ಇಟ್ಟುಕೊಂಡು ಕಾಲೇಜು ಸೇರಿದವಳಿಗೆ ಮೊದಲ ವರ್ಷ ಪೂರ್ತಿ ಮೋಟರಿನ ಸುದ್ದಿಯೇ ಇರಲಿಲ್ಲ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಗ ಮೊದಲ ವರ್ಷ ಎಲ್ಲ ಶಾಖೆಯವರಿಗೂ ಒಂದೇ ಆಗಿತ್ತು. ಅರ್ಧ ಜನ ಫಿಸಿಕ್ಸ್ ಸೈಕಲ್, ಇನ್ನರ್ಧ ಕೆಮಿಸ್ಟ್ರಿ ಸೈಕಲ್, ಆರು ತಿಂಗಳಾದ ಮೇಲೆ ಅದಲುಬದಲು. ಹೆಸರು ಬೇರೆಯಾದರೂ ಅದು ನಮ್ಮ ಫೌಂಡೇಶನ್ ವರ್ಷವೇ. ಇಂಗ್ಲಿಷಿನಲ್ಲಿ ನಡೆಯುವ ಪಾಠವನ್ನು ತಲೆಯೊಳಗೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಹಲಗೆ ಒರೆಸಿ ಆಗಿರುತ್ತಿತ್ತು. ವಿನೋಬನಗರದ ಬಾಡಿಗೆ ಕೋಣೆಯಲ್ಲಿ ರಾತ್ರಿ ಕೂತು, ಎಲೆಕ್ಟ್ರಿಕಲ್ ಓದಲು ಬಂದು ಕಾಂಕ್ರೀಟಿನ ಪಾಠ ಏಕೆ ಬರೆದುಕೊಳ್ಳುತ್ತಿದ್ದೇನೆ ಎಂದು ಅತ್ತದ್ದೂ ಉಂಟು. ಹಾಗಾಗಿ ಹುಡುಗಿಯ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ ಬೇಸರ ಹರಿದದ್ದು ಫಿಸಿಕ್ಸ್ ಲ್ಯಾಬಿನಲ್ಲಿ. ವಿದ್ಯುದಾವೇಶವನ್ನು ಕೂಡಿಡುವ ಕೆಪಾಸಿಟರನ್ನು ಒಂದು ರೆಸಿಸ್ಟರಿನ ಮೂಲಕ ಚಾರ್ಜ್ ಮಾಡಿ, ಆಮೇಲೆ ಡಿಸ್ಚಾರ್ಜ್ ಮಾಡಿ, ಐದು ಸೆಕೆಂಡಿಗೊಮ್ಮೆ ವೋಲ್ಟೇಜ್ ಬರೆದುಕೊಂಡು ಎರಡು ವಕ್ರರೇಖೆಗಳನ್ನು ಎಳೆಯುವ ಪ್ರಯೋಗವದು. ಒಬ್ಬಳು ಸ್ಟಾಪ್‌ವಾಚ್ ನೋಡುತ್ತಾ "ಹ್ಞೂಂ" ಎನ್ನುವುದು, ಇನ್ನೊಬ್ಬಳು ಮೀಟರಿನ ಅಂಕಿ ಓದುವುದು. ಮೊದಲ ಕೆಲವು ಸೆಕೆಂಡು ಅಂಕಿಗಳು ಕಣ್ಣಿಗೆ ಸಿಗದಷ್ಟು ಬೇಗ ಏರಿ, ಆಮೇಲೆ ದಣಿದವರಂತೆ ನಿಧಾನವಾಗುತ್ತಿದ್ದವು. ಎರಡು ತೊಟ್ಟಿಗಳನ್ನು ತಳದಲ್ಲಿ ಸಣ್ಣ ಪೈಪಿನಿಂದ ಜೋಡಿಸಿದಾಗ ಮೊದಲು ರಭಸದಿಂದ ಹರಿದ ನೀರು, ಎರಡರ ಮಟ್ಟ ಸಮೀಪಿಸಿದಂತೆ ಸೊರಗುವುದನ್ನು ಮನೆಯಲ್ಲಿ ಅಬ್ಬಿ ನೀರಿನ ತೊಟ್ಟಿಗಳಲ್ಲಿ ನೂರು ಸಲ ನೋಡಿದ್ದೆ. ಇದೂ ಅದೇ ಎಂದು ಹೊಳೆಯಿತು. ವೋಲ್ಟೇಜು ಅರ್ಧಕ್ಕೆ ಬರುವ ಹೊತ್ತನ್ನು ಲೆಕ್ಕ ಹಾಕಲು ರೋಧವನ್ನೂ ಧಾರಕತೆಯನ್ನೂ ಗುಣಿಸಿ, ಬಂದದ್ದನ್ನು 0.693ರಿಂದ ಗುಣಿಸಿ ಎಂದು ರೆಕಾರ್ಡಿನಲ್ಲಿ ಬರೆಸಿದ್ದರು. ಒಂದು ಲಕ್ಷ ಓಮ್ ಮತ್ತು 220 ಮೈಕ್ರೋಫ್ಯಾರಡ್‌ಗಳ ಗುಣಲಬ್ಧ 22 ಸೆಕೆಂಡು, ಅದರ 0.693 ಪಾಲು ಎಂದರೆ ಸುಮಾರು 15 ಸೆಕೆಂಡು. ನಮಗೆ ಬಂದದ್ದು 17. ಇಂಥ ಕೆಪಾಸಿಟರುಗಳ ಧಾರಕತೆ ಅವುಗಳ ಮೇಲೆ ಬರೆದದ್ದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದನ್ನು ಆಗ ತಿಳಿದೆ.

ಈ 0.693 ಎಲ್ಲಿಂದ ಬಂತು ಎಂಬುದಕ್ಕೆ ಲ್ಯಾಬಿನಲ್ಲಿ ಉತ್ತರ ಸಿಗಲಿಲ್ಲ. ಎರಡು ವಾರ ಬಿಟ್ಟು ಗಣಿತದ ತರಗತಿಯಲ್ಲಿ, ಒಂದು ರಾಶಿ ಬದಲಾಗುವ ವೇಗ ಉಳಿದಿರುವ ಆ ರಾಶಿಗೇ ಅನುಪಾತದಲ್ಲಿರುತ್ತದೆ ಎಂಬ ಅವಕಲ ಸಮೀಕರಣವನ್ನು ಬಿಡಿಸುತ್ತಿದ್ದಾಗ, ಕೊನೆಯ ಸಾಲಿನಲ್ಲಿ ಎರಡರ ಸ್ವಾಭಾವಿಕ ಲಾಗರಿತಮ್ ಬಂತು. ಅದರ ಬೆಲೆ 0.693. ಸ್ಥೂಲವಾಗಿ ತೊಟ್ಟಿಯ ನೀರು, ಲ್ಯಾಬಿನ ಕೆಪಾಸಿಟರ್, ಪಿಯುಸಿಯಲ್ಲಿ ಓದಿದ್ದ ವಿಕಿರಣಶೀಲ ವಸ್ತುಗಳ ಅರ್ಧಾಯುಷ್ಯ, ಎಲ್ಲವೂ ಆ ಒಂದು ಸಾಲಿಗೆ ಬಂದು ಕೂತವು. ಅಂದಿನಿಂದ ನಾನು ಗಣಿತದ ಪುಸ್ತಕವನ್ನು ಬೇರೆ ರೀತಿಯಲ್ಲಿ ಓದತೊಡಗಿದೆ.

ಮೋಟರಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ತಡವಾಗಿ, ಇಂಡಕ್ಷನ್ ಮೋಟರಿನ ಪಾಠಕ್ಕೆ ಬಂದಾಗ. ಆದರೆ ಉತ್ತರವಾಗಿ ನಿಂತದ್ದು ಹಳೆಯ ಸೂತ್ರವೇ. ಮೂರು ಫೇಸುಗಳು ಒಂದಕ್ಕೊಂದು 120 ಡಿಗ್ರಿ ಹಿಂದುಮುಂದಾಗಿ ಬರುವುದರಿಂದ, ಮೋಟರಿನ ನಿಂತ ಹೊರಭಾಗವಾದ ಸ್ಟೇಟರಿನಲ್ಲಿ ಸುತ್ತುವ ಕಾಂತಕ್ಷೇತ್ರವೊಂದು ಹುಟ್ಟಿ, ಒಳಗೆ ತಿರುಗುವ ಭಾಗವಾದ ರೋಟರನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಒಂದು ಫೇಸ್ ಹೋದರೆ ಉಳಿದ ಎರಡು ತಂತಿಗಳ ನಡುವೆ ಒಂದೇ ವಿದ್ಯುತ್ಪ್ರವಾಹ ಹರಿಯುತ್ತದೆ. ಆಗ ಕ್ಷೇತ್ರ ಸುತ್ತುವುದಿಲ್ಲ, ಇದ್ದಲ್ಲೇ ಹೆಚ್ಚುತ್ತಾ ಕುಗ್ಗುತ್ತಾ ಮಿಡಿಯುತ್ತದೆ. ಗಣಿತದಲ್ಲಿ ಹೇಳುವುದಾದರೆ ಅದು ಎರಡು ಕೊಸೈನುಗಳ ಗುಣಲಬ್ಧ: ಒಂದು ಕಾಲದ್ದು, ಇನ್ನೊಂದು ಸ್ಥಾನದ್ದು. ಎರಡು ಕೊಸೈನುಗಳ ಗುಣಲಬ್ಧವು ಅವುಗಳ ಕೋನಗಳ ಮೊತ್ತದ ಕೊಸೈನ್ ಮತ್ತು ವ್ಯತ್ಯಾಸದ ಕೊಸೈನುಗಳನ್ನು ಕೂಡಿಸಿದ್ದರ ಅರ್ಧಕ್ಕೆ ಸಮ, ಇದು ಹುಡುಗಿ ಈಗ ಬಾಯಿಪಾಠ ಮಾಡುತ್ತಿರುವ ಸೂತ್ರಗಳಲ್ಲಿ ಒಂದು. ಇಲ್ಲಿ ಆ ಎರಡು ತುಂಡುಗಳಲ್ಲಿ ಒಂದು ಮುಂದಕ್ಕೆ ಸುತ್ತುವ ಕ್ಷೇತ್ರ, ಇನ್ನೊಂದು ಹಿಂದಕ್ಕೆ ಸುತ್ತುವ ಕ್ಷೇತ್ರ, ಎರಡರ ಬಲವೂ ಸಮ. ನಿಂತ ರೋಟರನ್ನು ಇಬ್ಬರೂ ಸಮನಾಗಿ ಎಳೆಯುವುದರಿಂದ ಅದು ಯಾವ ಕಡೆಗೂ ತಿರುಗದೆ ಗುಂಯ್‌ಗುಟ್ಟುತ್ತದೆ, ತಿರುಗದ ಮೋಟರು ಭಾರಿ ಕರೆಂಟು ಎಳೆದು ವೈಂಡಿಂಗನ್ನು ಸುಡುತ್ತದೆ. ಮೊದಲೇ ಓಡುತ್ತಿದ್ದರೆ, ಓಡುವ ದಿಕ್ಕಿನ ಕ್ಷೇತ್ರದ ಕೈ ಮೇಲಾಗಿ ಮೋಟರು ಏದುಸಿರು ಬಿಡುತ್ತಲಾದರೂ ಓಡಬಹುದು. ತರಗತಿಯಲ್ಲಿ ಈ ಸಾಲು ಹಲಗೆಯ ಮೇಲೆ ಬಂದಾಗ ನನ್ನ ಮೂಗಿಗೆ ಆ ವಾರ್ನಿಷಿನ ವಾಸನೆ ಬಂತು. ಅಂದು ಸಂಜೆಯೇ ಅಪ್ಪಯ್ಯನಿಗೆ ಫೋನು ಮಾಡಿ ಹೇಳಿದೆ. ಅವರು ಪೂರ್ತಿ ಕೇಳಿ, "ಎರಡು ಎತ್ತು ಎರಡು ಕಡೆ ಎಳೆದ ಹಾಗೆ" ಎಂದರು. ಅದಕ್ಕಿಂತ ಚೆನ್ನಾಗಿ ನಾನೂ ಪಾಠ ಮಾಡಲಾರೆ.

ಈಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುತ್ತಿರುವ ನನಗೆ ಇದರ ಇನ್ನೊಂದು ಮುಖವೂ ದಿನವೂ ಕಾಣುತ್ತದೆ. ಸ್ಟಾರ್ಟರನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ, ಕೈಕೆಲಸದಲ್ಲಿ ನನ್ನನ್ನು ಮೀರಿಸುವ ಹುಡುಗರು ನೇರವಾಗಿ ಎಂಜಿನಿಯರಿಂಗಿನ ಮೂರನೆಯ ಸೆಮಿಸ್ಟರಿಗೆ ಹೋಗಿ, ಗಣಿತದಲ್ಲಿ ಮುಗ್ಗರಿಸಿ, ತಾವು ದಡ್ಡರೆಂದು ನಂಬಿಕೊಂಡು ಮರಳಿ ನನ್ನ ಹತ್ತಿರ ಬರುತ್ತಾರೆ. ಅವರು ದಡ್ಡರಲ್ಲ, ಮೊದಲ ವರ್ಷವನ್ನು ದಾಟಿಸಿಬಿಟ್ಟ ವ್ಯವಸ್ಥೆ ಅವರಿಂದ ಒಂದನ್ನು ಕಸಿದುಕೊಂಡಿದೆ. ಅವರಿಗೆ ನಾನು ಮೈಕೆಲ್ ಫ್ಯಾರಡೆಯ ಕಥೆ ಹೇಳುತ್ತೇನೆ. ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು, 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಅವನಿಗೆ ಮೇಲ್ಮಟ್ಟದ ಗಣಿತ ಬರುತ್ತಿರಲಿಲ್ಲ. ಅವನು ಕೈಯಿಂದ ಕಂಡದ್ದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಸಮೀಕರಣಗಳಲ್ಲಿ ಬರೆದ ಮೇಲೆ, ಬೆಳಕೂ ವಿದ್ಯುತ್ಕಾಂತೀಯ ಅಲೆಯೇ ಎಂಬ, ಕೈಗೆ ಸಿಗದ ಸಂಗತಿ ಹೊರಬಿತ್ತು. ಇಬ್ಬರೂ ಬೇಕಾಯಿತು ಎನ್ನುತ್ತೇನೆ.

ಹುಡುಗಿ ಮೊನ್ನೆ ಮತ್ತೆ ಫೋನು ಮಾಡಿದ್ದಳು. ಸಂಕೀರ್ಣ ಸಂಖ್ಯೆಗಳ ಪಾಠ ಶುರುವಾಗಿದೆಯಂತೆ. ಋಣ ಒಂದರ ವರ್ಗಮೂಲಕ್ಕೆ ಗಣಿತದವರು 'ಐ' ಎನ್ನುವುದನ್ನು ನಮ್ಮ ಶಾಖೆಯವರು 'ಜೆ' ಎನ್ನುವುದೇಕೆ ಎಂದು ಕೇಳಿದಳು. ನಮ್ಮಲ್ಲಿ ಆ ಅಕ್ಷರ ಆಗಲೇ ವಿದ್ಯುತ್ಪ್ರವಾಹಕ್ಕೆ ಮೀಸಲಾಗಿತ್ತು ಎಂದೆ. ಎಸಿ ಸರ್ಕ್ಯೂಟುಗಳ ಲೆಕ್ಕಕ್ಕೆ ಈ ಸಂಖ್ಯೆಗಳನ್ನು ಬಳಸುವ ದಾರಿಯನ್ನು 1893ರಲ್ಲಿ ಸ್ಟೈನ್‌ಮೆಟ್ಸ್ ಎಂಬ ಎಂಜಿನಿಯರ್ ತೋರಿಸಿದ್ದರಿಂದ, ಪುಟಗಟ್ಟಲೆ ಅವಕಲ ಸಮೀಕರಣ ಬಿಡಿಸಬೇಕಾಗಿದ್ದಲ್ಲಿ ಕೂಡುವುದು, ಗುಣಿಸುವುದು ಸಾಕಾಯಿತು ಎಂದೂ ಹೇಳಿದೆ. ದಂಡದ ವರ್ಷದ ಮಾತನ್ನು ಅವಳು ಎತ್ತಲಿಲ್ಲ. ಮೋಟರಿನ ಕಥೆಯನ್ನು ಮಾತ್ರ ಎರಡು ಸಲ ಕೇಳಿಸಿಕೊಂಡಳು.

ಆ ಮೋಟರನ್ನು ಅಂದು ತೀರ್ಥಹಳ್ಳಿಯಲ್ಲಿ ರಿವೈಂಡ್ ಮಾಡಿಸಿ ಹತ್ತು ವರ್ಷ ಓಡಿಸಿದೆವು. ಈಗ ಅದು ಪಂಪ್‌ಹೌಸಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ. ಹೊಸ ಮೋಟರಿನ ಸ್ಟಾರ್ಟರಿಗೆ ಓವರ್‌ಲೋಡ್ ರಿಲೇಯನ್ನೂ, ಫೇಸ್ ಹೋದರೆ ಕಡಿಯುವ ಪ್ರಿವೆಂಟರನ್ನೂ ನಾನೇ ನಿಂತು ಹಾಕಿಸಿದ್ದೇನೆ. ಪರೀಕ್ಷೆ ಮುಗಿಸಿ ಜುಲೈನಲ್ಲಿ ಅವಳು ಊರಿಗೆ ಬಂದಾಗ, ಹೊರಗೆ ಮಳೆ ಹೊಯ್ಯುತ್ತಿರುವಾಗ ಜಗುಲಿಯ ಮೇಲೆ ಗೋಣಿ ಹಾಸಿ, ಹಳೆಯ ಮೋಟರಿನ ಬೋಲ್ಟು ಬಿಚ್ಚಿ, ಸ್ಟೇಟರಿನ ಸೀಳುಗಳಲ್ಲಿ ಮೂರು ಫೇಸುಗಳ ಸುರುಳಿಗಳನ್ನು ಬೆರಳಿಟ್ಟು ಎಣಿಸುವುದು ಎಂದು ಮಾತಾಗಿದೆ. ಸ್ಪ್ಯಾನರುಗಳನ್ನು ಎಣ್ಣೆ ಹಚ್ಚಿ ಇಟ್ಟಿರುತ್ತೇನೆ ಎಂದು ಅಪ್ಪಯ್ಯ ಹೇಳಿದ್ದಾರೆ.