ಗೋಡೆಯಲ್ಲಿ ಹೆದರಿಕೊಂಡಿದ್ದವನು

“ದೊಡ್ಡಮ್ಮಾ, ಅವನು ಯಾಕೆ ಅಷ್ಟು ಹೆದರಿಕೊಂಡಿದ್ದಾನೆ?”

ಸೋಮವಾರ ಸಂಜೆ ಕೇಳಿದ ಮಾತು. ಇವತ್ತು ಶನಿವಾರ. ಪಾತ್ರೆ ತೊಳೆಯುವಾಗ, ಬಾಗಿಲಿಗೆ ಚಿಲಕ ಹಾಕುವಾಗ, ನಿದ್ದೆ ಹತ್ತುವ ಮುಂಚೆ, ಅದೇ ದನಿಯಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಸುತ್ತಿದೆ.

ತಂಗಿ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆಂದು ಅಂದು ಬೆಳಿಗ್ಗೆಯಷ್ಟೇ ಆಸ್ಪತ್ರೆ ಸೇರಿದ್ದಳು. ಅವಳ ಗಂಡ ಅವಳ ಜೊತೆಗೆ. ಐದೂವರೆ ವರ್ಷದ ಮಗಳು ನನ್ನ ಬಳಿ. ಅಮ್ಮ ಹೊರಟಾಗ ಅಳಲಿಲ್ಲ, ಹಟ ಮಾಡಲಿಲ್ಲ, ಕೈ ಬೀಸಿ ಒಳಗೆ ಬಂದಳು. ಎಷ್ಟು ಜಾಣೆ ಎಂದು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಸಂಜೆ ಅವಳು ಮಂಚದ ಮೇಲೆ ಅಡ್ಡಲಾಗಿ ಮಲಗಿ ತಲೆಯನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟಿದ್ದಳು. ಕೂದಲು ನೆಲ ಗುಡಿಸುತ್ತಿತ್ತು. ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಆಗ ಬಂತು ಆ ಪ್ರಶ್ನೆ.

“ಯಾರು ಪುಟ್ಟಿ?”

“ಅವನೇ. ಗೋಡೆಯಲ್ಲಿದ್ದಾನಲ್ಲ.”

ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಎದೆ ಝಲ್ಲೆಂದಿತು. ಅವಳು ಬೆರಳು ಚಾಚಿದ ಕಡೆ ನೋಡಿದರೆ, ನೆಲದಿಂದ ಒಂದಡಿ ಎತ್ತರದಲ್ಲಿ ಮೂರು ತೂತುಗಳ ಪ್ಲಗ್ ಪಾಯಿಂಟ್. ಹೆದರಿಕೆ ಇಳಿದ ಕೂಡಲೇ ಕೋಪ ಬಂತು. “ಅದು ಪ್ಲಗ್ ಪಾಯಿಂಟ್ ಕಣೇ. ಅದರಲ್ಲಿ ಕೈ ಇಟ್ಟೀಯೆ, ಜೋಕೆ!” ಎಂದೆ. ಮಗು ಎದ್ದು ನೆಟ್ಟಗೆ ಕುಳಿತಳು. ರಾತ್ರಿ ಮಲಗುವವರೆಗೆ ಮತ್ತೆ ತಾನಾಗಿ ಒಂದು ಮಾತೂ ಆಡಲಿಲ್ಲ.

ಅವಳು ಕೇಳಿದ್ದು ಯಾಕೆ ಹೆದರಿಕೊಂಡಿದ್ದಾನೆ ಎಂದು. ನಾನು ಹೇಳಿದ್ದು ಅದರ ಹೆಸರು ಮತ್ತು ಮುಟ್ಟಬೇಡ ಎಂಬ ಎಚ್ಚರಿಕೆ. ಎಚ್ಚರಿಕೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲವಲ್ಲ.

ಅವಳು ನಿದ್ದೆ ಹೋದ ಮೇಲೆ ನಾನೂ ನೆಲದ ಮೇಲೆ ಕುಳಿತು ಆ ಬಿಳಿ ಫಲಕವನ್ನು ದಿಟ್ಟಿಸಿದೆ. ಮೇಲೆ ಒಂದು ದೊಡ್ಡ ತೂತು, ಕೆಳಗೆ ಎರಡು ಸಣ್ಣವು. ಹದಿನಾಲ್ಕು ವರ್ಷದಿಂದ ಇಸ್ತ್ರಿಪೆಟ್ಟಿಗೆಗೆ ಅದನ್ನೇ ಬಳಸುತ್ತಿದ್ದೇನೆ, ಅದರಲ್ಲಿ ಯಾವತ್ತೂ ಏನೂ ಕಂಡಿರಲಿಲ್ಲ. ಆಮೇಲೆ ಮಗುವಿನ ಪಕ್ಕ ಸದ್ದಾಗದಂತೆ ಮಲಗಿ, ಅವಳ ಹಾಗೆಯೇ ತಲೆಯನ್ನು ಅಂಚಿನಿಂದ ಇಳಿಬಿಟ್ಟೆ.

ಅವನು ಅಲ್ಲೇ ಇದ್ದ. ಎರಡು ಸಣ್ಣ ಕಣ್ಣುಗಳು, ಅವುಗಳ ಕೆಳಗೆ ದುಂಡಗೆ ತೆರೆದ ಬಾಯಿ. ಹಿಂದೊಮ್ಮೆ ಗೋಡೆಗೆ ಬಣ್ಣ ಬಳಿದಾಗ ಸಿಡಿದ ಒಂದು ಹನಿ ಎಡಗಣ್ಣಿನ ಪಕ್ಕದಲ್ಲೇ ಒಣಗಿ ಕುಳಿತಿತ್ತು. ಪಕ್ಕದ ಸ್ವಿಚ್ಚು ಒಂದೇ ಒಂದು ಕಿವಿಯಂತೆ. ಯಾರೋ ಬಾಗಿಲು ತೆರೆದು ಇವನಿಗೆ ಕೆಟ್ಟ ಸುದ್ದಿ ಹೇಳಿ ಹಾಗೆಯೇ ಹೊರಟುಹೋದಂತಿತ್ತು ಆ ಮುಖ. ತಡೆಯಲಾಗದೆ ನಗು ಬಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಫೋಟೋ ತೆಗೆದು, ತಲೆಕೆಳಗು ಮಾಡಿ, ಮಗು ಹೇಳಿದ ಮಾತನ್ನೇ ಕೆಳಗೆ ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೊದಲು ಉತ್ತರ ಕೊಟ್ಟವನು ಅಣ್ಣ. ವಿದ್ಯುತ್ ಕೆಲಸದಲ್ಲೇ ಆಯುಷ್ಯ ಸವೆಸಿದವನು. “ಆ ಬಾಯಿ ಎನ್ನುವುದು ಅರ್ಥ್ ಪಿನ್ನಿನ ತೂತು. ಆ ಪಿನ್ ಉಳಿದೆರಡಕ್ಕಿಂತ ಉದ್ದ. ಪ್ಲಗ್ ಒಳಗೆ ಹೋಗುವಾಗ ಅದೇ ಮೊದಲು ತಗುಲಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು, ಅದಕ್ಕಾಗಿ. ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಬೇಡಿ” ಎಂದು ಬರೆದ. ಅಣ್ಣನ ಸ್ವಭಾವವೇ ಹಾಗೆ. ಅಚ್ಚರಿ ಪಡುವಂಥದ್ದು ಕಣ್ಣಿಗೆ ಬಿದ್ದರೆ ಅದರ ಕಾರಣ ಹೇಳಿ ಮುಗಿಸುವವರೆಗೆ ಅವನಿಗೆ ಸಮಾಧಾನವಿಲ್ಲ. ಕಾರಣ ತಪ್ಪಿರುವುದಿಲ್ಲ, ಯಾವತ್ತೂ. ಈ ಸಲ ಮಾತ್ರ ನನಗೆ ಸಿಟ್ಟು ಬಂತು. ಮಗುವಿನ ತಲೆಗೆ ನಾನೇನೂ ತುಂಬಿರಲಿಲ್ಲ, ಅವಳೇ ನನ್ನ ತಲೆಗೆ ತುಂಬಿದ್ದಳು.

ಅಷ್ಟರಲ್ಲಿ ಗುಂಪಿನ ಉಳಿದವರು ಎದ್ದು ಕುಳಿತಿದ್ದರು. ಒಬ್ಬರು ಎರಡು ತಿರುಪುಗಳ ನಡುವೆ ಮೂಗು ಇಳಿಬಿಟ್ಟ ನಲ್ಲಿಯ ಚಿತ್ರ ಕಳಿಸಿದರು, ನೋಡಿದರೆ ನೆಗಡಿಯಾದ ತಾತ. ಇನ್ನೊಬ್ಬರು ಹಳೆಯ ಕೈಚೀಲದ್ದು: ಎರಡು ಗುಂಡಿ, ನಡುವೆ ಕಿತ್ತುಹೋದ ಜಿಪ್ಪು, ಹಲ್ಲುನೋವಿನಿಂದ ನರಳುವ ಮುಖ. ಕೆಟ್ಟು ನಿಂತ ಗಡಿಯಾರವೊಂದು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತ ನಗುತ್ತಿತ್ತು. ಜಾಹೀರಾತುಗಳಲ್ಲಿ ಕೈಗಡಿಯಾರದ ಮುಳ್ಳುಗಳನ್ನು ಸಾಮಾನ್ಯವಾಗಿ ಅದೇ ಜಾಗದಲ್ಲಿ ನಿಲ್ಲಿಸಿರುತ್ತಾರೆ ಎಂಬುದು ನೆನಪಾಯಿತು.

ಇದೇ ಗುಂಪಿನಲ್ಲಿ ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆಹೋದವರು, ಕಾಲುಜಾರಿ ಬಿದ್ದವರು, ತಮ್ಮ ಬಟ್ಟೆ ಹರಿದದ್ದು ಗೊತ್ತಿಲ್ಲದೆ ನಡೆಯುತ್ತಿರುವವರ ಚಿತ್ರಗಳನ್ನು ದಿನವೂ ಹಾಕುವ ಒಬ್ಬ ಸಂಬಂಧಿ ಇದ್ದಾನೆ. ಕೆಟ್ಟವನಲ್ಲ, ಕಷ್ಟಕ್ಕೆ ಓಡಿ ಬರುವವನು. ಆದರೂ ಅವನ ಚಿತ್ರಗಳನ್ನು ನೋಡುವಾಗ ಮೈ ಮುದುಡುತ್ತದೆ. ಹನ್ನೆರಡು ಗಂಟೆ ದುಡಿದು ಬಂದು ಕಿಟಕಿಗೆ ತಲೆ ಆನಿಸಿದವನ ಬಾಯಿ ತೆರೆದುಕೊಂಡದ್ದು ನಗುವ ವಸ್ತುವಲ್ಲ. ಅವನನ್ನು ಯಾರೂ ಕೇಳಿಲ್ಲ. ಪ್ಲಗ್ ಪಾಯಿಂಟಿನವನ ವಿಷಯ ಬೇರೆ. ಅವನನ್ನು ನೋಡಿ ನಕ್ಕರೆ ಯಾರ ಮಾನವೂ ಹೋಗುವುದಿಲ್ಲ. ಬದಲಾಗಿ, ಇಷ್ಟು ದಿನ ಬರೀ ವಸ್ತುವಾಗಿದ್ದದ್ದಕ್ಕೆ ಒಂದು ಜೀವದ ಮರ್ಯಾದೆ ಸಿಗುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಓದುತ್ತ ಕುಳಿತೆ. ಇಲ್ಲದ ಮುಖವನ್ನು ಕಾಣುವುದಕ್ಕೆ ಪ್ಯಾರಿಡೋಲಿಯಾ ಎಂಬ ಹೆಸರಿದೆ. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಮಂಗಳ ಗ್ರಹದ ಸೈಡೋನಿಯಾ ಎಂಬ ಪ್ರದೇಶದ ಚಿತ್ರ ತೆಗೆದಾಗ ಅದರಲ್ಲಿ ಮನುಷ್ಯನ ಮುಖ ಕಂಡಿತ್ತು. ಓರೆ ಬಿಸಿಲಿಗೆ ಗುಡ್ಡದ ಮೇಲೆ ಬಿದ್ದ ನೆರಳು ಎಂದು ನಾಸಾ ಹೇಳಿಯೇ ಅದನ್ನು ಪ್ರಕಟಿಸಿತು. ಜನ ಮುಖವನ್ನು ನೋಡಿದರು, ಅಡಿಬರಹವನ್ನು ಮರೆತರು. 1998ರಲ್ಲಿ, ಮತ್ತೆ 2001ರಲ್ಲಿ, ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಇನ್ನೂ ಸ್ಪಷ್ಟವಾದ ಚಿತ್ರಗಳನ್ನು ಕಳಿಸಿತು. ಬರೀ ಗುಡ್ಡ. ಸ್ಪಷ್ಟ ಚಿತ್ರವನ್ನು ನೋಡಿ ಮತ್ತೆ ಹಳೆಯದಕ್ಕೆ ಬಂದೆ, ಮುಖ ಅಲ್ಲೇ ಇತ್ತು. ಗುಡ್ಡವೆಂದು ಗೊತ್ತಾದರೂ ಅದು ಹೋಗುವುದಿಲ್ಲ. ಅರ್ಥ್ ಪಿನ್ನಿನ ತೂತು ಎಂದು ಗೊತ್ತಾದ ಮೇಲೂ ಅವನ ಬಾಯಿ ಮುಚ್ಚದ ಹಾಗೆ.

ಹುಟ್ಟಿ ಕೆಲವೇ ನಿಮಿಷಗಳಾದ ಶಿಶುಗಳೂ ಮುಖದ ಹಾಗಿರುವ ಆಕಾರದ ಕಡೆಗೆ ಹೆಚ್ಚು ತಿರುಗುತ್ತವೆ ಎಂದು ತೋರಿಸಿದ ಪ್ರಯೋಗ 1975ರಷ್ಟು ಹಿಂದೆಯೇ ಪ್ರಕಟವಾಗಿದೆ. ಮನೆಯವರ ಗುರುತು ಹತ್ತುವ ಎಷ್ಟೋ ಮುಂಚೆಯೇ ಮುಖದ ಹುಡುಕಾಟ ಶುರುವಾಗಿರುತ್ತದೆ. ಮಂಗಗಳಿಗೂ ವಸ್ತುಗಳಲ್ಲಿ ಮುಖ ಕಾಣುತ್ತದಂತೆ. ಇನ್ನೊಂದು ಸಂಗತಿ ಓದಿ ನಾನು ಮಗುವಿನ ಕಡೆ ತಿರುಗಿ ನೋಡಿದೆ. ವಸ್ತುಗಳಲ್ಲಿ ಕಾಣುವ ಮುಖಗಳಿಗೆ ನಾವು ತಕ್ಷಣ ವಯಸ್ಸು, ಭಾವ, ಲಿಂಗ ಎಲ್ಲವನ್ನೂ ಕೊಟ್ಟುಬಿಡುತ್ತೇವೆ, ಹೆಣ್ಣಿಗಿಂತ ಗಂಡು ಎಂದೇ ಹೆಚ್ಚಾಗಿ ಕಾಣುತ್ತೇವೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅವಳು ‘ಅದು’ ಎನ್ನಲಿಲ್ಲ. ‘ಅವನು’ ಎಂದಳು. ನನಗೂ ‘ಅವನು’ ಎಂದೇ ಬಾಯಿಗೆ ಬರುತ್ತಿದೆ.

ಹಾಗಿದ್ದರೆ ನನಗೆ ಹದಿನಾಲ್ಕು ವರ್ಷ ಯಾಕೆ ಕಾಣಲಿಲ್ಲ? ತಲೆಕೆಳಗಾದ ಮುಖವನ್ನು ಗುರುತಿಸುವುದು ಮನುಷ್ಯರಿಗೆ ಬಹಳ ಕಷ್ಟ. ಮನೆಯನ್ನೋ ಬೇರೆ ವಸ್ತುವನ್ನೋ ತಲೆಕೆಳಗು ಮಾಡಿದರೆ ಅಷ್ಟು ತೊಂದರೆಯಾಗುವುದಿಲ್ಲ, ಮುಖಕ್ಕೆ ಮಾತ್ರ ಹೀಗೆ. ಇದು 1969ರಿಂದ ತಿಳಿದಿರುವ ವಿಷಯ. ಗೋಡೆಯಲ್ಲಿದ್ದವನು ಇಷ್ಟು ವರ್ಷ ತಲೆಕೆಳಗಾಗಿ ನಿಂತಿದ್ದ, ನಾನು ನೆಟ್ಟಗೆ ಓಡಾಡುತ್ತಿದ್ದೆ. 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಪ್ರಾಧ್ಯಾಪಕರು ಗಣಕದಲ್ಲಿ ಬರೆದ ಮಾತು ತಮಾಷೆಯೆಂದು ತಿಳಿಯಲಿ ಎಂದು ಎರಡು ಚುಕ್ಕಿ, ಒಂದು ಅಡ್ಡಗೀಟು, ಒಂದು ಆವರಣ ಚಿಹ್ನೆ ಸೇರಿಸಿ ನಗುವ ಮುಖ ಮಾಡಿದಾಗ, ಅದನ್ನು ಪಕ್ಕಕ್ಕೆ ತಿರುಗಿಸಿ ಓದಿ ಎಂದು ಹೇಳಬೇಕಾಗಿ ಬಂತು. ನನಗೆ ಅಷ್ಟನ್ನು ಹೇಳುವವರೂ ಇರಲಿಲ್ಲ, ಈ ಮಗು ಬರುವವರೆಗೆ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ತಂಗಿಯಿಂದ ಒಂದು ಚಿತ್ರ ಬಂತು. ಇನ್ನೊಂದು ಗಂಟೆಯಲ್ಲಿ ಅವಳನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವವರಿದ್ದರು. ಹಾಸಿಗೆಯ ತಲೆಯ ಬಳಿ ಗೋಡೆಗೆ ಕೂರಿಸಿದ್ದ ಫಲಕ ಅದು, ಆಮ್ಲಜನಕದ ಕೊಳವೆ ಸಿಕ್ಕಿಸುವಂಥದ್ದು. ಎರಡು ದುಂಡು ಗುಬುಟು, ಕೆಳಗೆ ತುಸು ಡೊಂಕಾದ ಒಂದು ಪಟ್ಟಿ. ಸಾಕಷ್ಟು ಲೋಕ ಕಂಡು ಮಾಗಿದ, ತುಟಿಯಂಚಿನಲ್ಲೇ ನಗುವ ಮುಖ. ಕೆಳಗೆ ಬರೆದಿದ್ದಳು: “ಪುಟ್ಟಿಗೆ ಹೇಳು. ಇಲ್ಲೂ ಒಬ್ಬ ಇದ್ದಾನೆ. ಇವನು ಹೆದರಿಕೊಂಡಿಲ್ಲ.”

ಓದಿ ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಒಂದು ಇಡೀ ಸಂಜೆ ನನಗೆ ಹೊಳೆಯದ್ದು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವಳಿಗೆ ಒಂದು ಫೋಟೋ ನೋಡಿದೊಡನೆ ಹೊಳೆದಿತ್ತು. ಅಮ್ಮ ಹೊರಟಾಗ ಅಳದ ಮಗು, ಎಲ್ಲರೂ ಜಾಣೆ ಎಂದ ಮಗು, ತನ್ನ ಹೆದರಿಕೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಗೋಡೆಯಲ್ಲಿದ್ದವನ ಕೈಗೆ ಕೊಟ್ಟಿತ್ತು. ಯಾಕೆ ಹೆದರಿಕೊಂಡಿದ್ದಾನೆ ಎಂದು ಕೇಳಿದ್ದು ಅವನ ಬಗ್ಗೆ ಅಲ್ಲ. ಆ ಚಿತ್ರ ಕಳಿಸಿದ ತಂಗಿಗೂ ಆ ಹೊತ್ತಿಗೆ ಎಷ್ಟು ಹೆದರಿಕೆಯಿತ್ತೋ.

ಮಗು ಎದ್ದ ಮೇಲೆ ಚಿತ್ರ ತೋರಿಸಿದೆ. ತುಂಬ ಹೊತ್ತು ನೋಡಿದಳು. “ಅವನು ರಾತ್ರಿ ಅಮ್ಮನ ಹತ್ತಿರವೇ ಇರುತ್ತಾನಾ?”

“ಅಲ್ಲೇ ಇರುತ್ತಾನೆ. ಎಲ್ಲಿಗೂ ಹೋಗುವುದಿಲ್ಲ.”

ಮಕ್ಕಳಿಗೆ ಹೇಳುವ ಸಮಾಧಾನದ ಮಾತಾಗಿರಲಿಲ್ಲ ಅದು. ಆ ಗಳಿಗೆಯಲ್ಲಿ ನಾನು ಅದನ್ನು ನಂಬಿಯೇ ಹೇಳಿದೆ. ಮಧ್ಯಾಹ್ನ ಎಲ್ಲವೂ ಸುಸೂತ್ರವಾಗಿ ಮುಗಿಯಿತೆಂದು ಫೋನ್ ಬಂದಾಗ ಆ ಫಲಕದ ಮುಖವೇ ಮೊದಲು ಕಣ್ಣಮುಂದೆ ಬಂತು.

ಬುಧವಾರ ಅಣ್ಣ ಬಂದ. ಕೈಯಲ್ಲಿ ಮೂರು ಪ್ಲಾಸ್ಟಿಕ್ ಮುಚ್ಚಳಗಳು, ಮಕ್ಕಳಿರುವ ಮನೆಯಲ್ಲಿ ಪ್ಲಗ್ ಪಾಯಿಂಟಿಗೆ ಹಾಕುವಂಥವು. ಬಿಸಿಲಿನಲ್ಲಿ ಅಷ್ಟು ದೂರ ಬಂದದ್ದೇ ಅದಕ್ಕಾಗಿ. ಪ್ರೀತಿಯನ್ನು ಅವನು ತೋರಿಸುವುದು ಹೀಗೆಯೇ, ಬಾಯಿಂದ ಎಂದೂ ಅಲ್ಲ. ನೆಲದ ಮೇಲೆ ಮಂಡಿಯೂರಿ ಮುಚ್ಚಳ ಒತ್ತಿದ. ಟಪ್ಪೆಂದು ಕೂತಿತು. ಮಗು ಚೀರಿದಳು.

“ಮಾವ ಅವನ ಬಾಯಿ ಮುಚ್ಚಿಬಿಟ್ಟರು! ಕಣ್ಣೂ ಮುಚ್ಚಿಬಿಟ್ಟರು!”

ಎರಡು ದಿನ ಹಿಡಿದಿಟ್ಟ ಅಳುವೆಲ್ಲ ಆಗ ಹೊರಗೆ ಬಂತು. ಅಮ್ಮ ಬೇಕು, ಈಗಲೇ ಬೇಕು ಎಂದು ಬಿಕ್ಕಿದಳು. ಅಣ್ಣ ಮಂಡಿಯೂರಿದ್ದಲ್ಲೇ ಕಲ್ಲಾಗಿದ್ದ. ಅವನ ಮುಖವನ್ನು ನಾನು ಅಷ್ಟು ಅಸಹಾಯಕವಾಗಿ ಹಿಂದೆಂದೂ ಕಂಡಿಲ್ಲ. ಕಾರಣ ಹೇಳಲಿಲ್ಲ, ಅರ್ಥ್ ಪಿನ್ನಿನ ಮಾತೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಿದ್ದೆ ಬಂದಿದೆ ಪುಟ್ಟಿ ಅವನಿಗೆ. ಸೋಮವಾರದಿಂದ ಮಲಗಿರಲಿಲ್ಲವಲ್ಲ” ಎಂದ.

ಅಳು ನಿಂತಿತು. ಮಗು ಸ್ಕೆಚ್ ಪೆನ್ ತಂದಳು. ಮುಚ್ಚಳದ ಮೇಲೆ ಎರಡು ಬಾಗಿದ ಗೆರೆ, ಮುಚ್ಚಿದ ಕಣ್ಣು. ರೆಪ್ಪೆಗೆ ಮೂರು ಮೂರು ಕೂದಲು. ಒಂದು ಪುಟ್ಟ ಬಾಯಿ. ಬರೆದದ್ದೆಲ್ಲ ತಲೆಕೆಳಗಾಗಿ, ಮಂಚದಿಂದ ತಲೆ ಇಳಿಬಿಟ್ಟರೆ ಮಾತ್ರ ನೆಟ್ಟಗೆ ಕಾಣುವ ಹಾಗೆ. ಅಣ್ಣ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಅಳಿಸಿಹೋಗುತ್ತದೆಂದು ಅದರ ಮೇಲೊಂದು ಅಂಟುಪಟ್ಟಿ ಹಚ್ಚಿ, ಅಂಚನ್ನು ಉಗುರಿನಿಂದ ತೀಡಿ ಕೂರಿಸಿದ.

ತಂಗಿ ಶುಕ್ರವಾರ ಬಂದಳು. ಹೊಲಿಗೆ ಇನ್ನೂ ಹಸಿ, ಬಗ್ಗುವಂತಿಲ್ಲ, ತಲೆ ಇಳಿಬಿಟ್ಟು ಮಲಗುವ ಮಾತೇ ಇಲ್ಲ. ಮಗು ನನ್ನ ಮೊಬೈಲಿನಲ್ಲಿ ಅವನ ಫೋಟೋ ತೆಗೆದುಕೊಂಡು ಬಂದು ಅಮ್ಮನ ಮುಂದೆ ಹಿಡಿದಳು. ತಲೆಕೆಳಗೆ ಇದ್ದ. ಮೊಬೈಲನ್ನು ತಿರುಗಿಸಿದಳು. ಅವಳು ತಿರುಗಿಸಿದಷ್ಟೂ ಚಿತ್ರವೂ ತಾನೇ ತಿರುಗಿಕೊಂಡು ಮತ್ತೆ ತಲೆಕೆಳಗಾಗುತ್ತಿತ್ತು. ಮೂರು ಸಲ ಹಾಗಾಯಿತು. ತುಟಿ ಅದುರತೊಡಗಿತು.

“ಇರು” ಎಂದ ಅಣ್ಣ, ಮೊಬೈಲ್ ಇಸಿದುಕೊಂಡು ಚಿತ್ರ ತಾನಾಗಿ ತಿರುಗದಂತೆ ಮಾಡಿಕೊಟ್ಟ. ಮಗು ಈಗ ಅದನ್ನು ನಿಧಾನವಾಗಿ, ಒಳಗಿದ್ದವನಿಗೆ ಎಚ್ಚರವಾಗದ ಹಾಗೆ, ಅಮ್ಮನ ಕಡೆಗೆ ತಿರುಗಿಸಿ ಹಿಡಿದಳು.